ಪಾಲೆಯ ಕೆತ್ತೆ: ಆಟಿ ಅಮಾವಾಸ್ಯೆಯ ಮದ್ದಿನ ಚರಿತ್ರೆ

ಹಬ್ಬವೆಂದರೆ ಸಿಹಿ ಎಂಬುದು ನಮ್ಮ ನಾಡಿನ ವಾಡಿಕೆ. ಆದರೆ ಕಹಿ ಕುಡಿದು ಆಚರಿಸುವ ಒಂದು ದಿನವೂ ತುಳುನಾಡಿನಲ್ಲಿ ಇದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳಿಗೆ ಆಟಿ ಎಂದು ಹೆಸರು. ಆ ತಿಂಗಳ ಅಮಾವಾಸ್ಯೆಯಂದು ನಸುಕಿನಲ್ಲೆದ್ದು ಬರಿಹೊಟ್ಟೆಗೆ ಪಾಲೆ ಮರದ ತೊಗಟೆಯ ರಸ ಕುಡಿಯುವುದು ಇಲ್ಲಿನ ರೂಢಿ. ತೊಗಟೆಗೆ ತುಳುವಿನಲ್ಲಿ ಕೆತ್ತೆ ಎನ್ನುತ್ತಾರೆ. ಕನ್ನಡದಲ್ಲಿ ಈ ಮರ ಹಾಲೆ, ಸಂಸ್ಕೃತದಲ್ಲಿ ಸಪ್ತಪರ್ಣಿ. ಅಂದು ಮರದಲ್ಲಿ ಸಾವಿರದೊಂದು ಮದ್ದು ಬಂದು ಸೇರುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಕೇಳಿಬರುತ್ತದೆ.

ನಾನೀಗ ವಾಸವಾಗಿರುವ ಮಂಗಳೂರಿನ ಕುಲಶೇಖರದಲ್ಲೂ ಈ ರೂಢಿ ಉಳಿದಿದೆ. ಹೆದ್ದಾರಿಯ ವಾಹನಗಳ ಸದ್ದು, ಹಾಲಿನ ಡೈರಿ, 1873ರಲ್ಲಿ ಕಟ್ಟಿದ ಹೋಲಿ ಕ್ರಾಸ್ ಇಗರ್ಜಿ, ಸಾಲು ಸಾಲು ವಸತಿ ಸಮುಚ್ಚಯಗಳು, ಇವುಗಳ ನಡುವೆಯೂ ಆಟಿ ಅಮಾವಾಸ್ಯೆಯ ಬೆಳಗ್ಗೆ ಎಷ್ಟೋ ಅಡಿಗೆಮನೆಗಳಿಂದ ಓಮ, ಬೆಳ್ಳುಳ್ಳಿಗಳ ಘಾಟು ಬರುತ್ತದೆ. ವಿಜ್ಞಾನ ಓದಿದವರಲ್ಲಿ ಕೆಲವರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ಋಷಿಮುನಿಗಳ ವಿಜ್ಞಾನ ಎಂದು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಓದುಗರೇ, ಈ ಎರಡನ್ನೂ ಬದಿಗಿಟ್ಟು ಈ ಆಚರಣೆಯಲ್ಲಿ ನಿಜವಾದ ತಿಳಿವು ಎಲ್ಲಿ ಅಡಗಿದೆ ಎಂದು ನೋಡೋಣ.

ನನ್ನ ಬಾಲ್ಯ ಕಳೆದದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದ ಒಂದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ವೈದ್ಯರೂ ಇಲ್ಲ, ಬಸ್ಸೂ ಇಲ್ಲ. ಹಿತ್ತಿಲೇ ಔಷಧಾಲಯ. ಮಕ್ಕಳಿಗೆ ಶೀತವಾದರೆ ಸಾಂಬ್ರಾಣಿ ಎಲೆಯನ್ನು ಬಾಡಿಸಿ ಹಿಂಡಿದ ರಸ. ಕೈಗೂಸಿಗೆ ಹೊಟ್ಟೆನೋವಾದರೆ ಬಜೆಯ ಬೇರನ್ನು ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದ ಗಂಧ. ಪಿತ್ತಕ್ಕೆ ಪುನರ್ಪುಳಿಯ ಸಾರು, ಕಾಮಾಲೆಗೆ ನೆಲನೆಲ್ಲಿ, ಬಿಡದ ಜ್ವರಕ್ಕೆ ಅಮೃತಬಳ್ಳಿ. ಇವೆಲ್ಲ ಹೆಂಗಸರ ಅಧೀನದಲ್ಲಿದ್ದ ಮದ್ದುಗಳು. ಕಾಡಿನಿಂದ ತರಬೇಕಾದ ಬೇರು, ತೊಗಟೆಗಳಿಗೆ ಮಾತ್ರ ಘಾಟಿಯ ಮೇಲಿನ ಮಲೆಕುಡಿಯರನ್ನೇ ಕೇಳಬೇಕಿತ್ತು. ಏಲಕ್ಕಿ, ಜೇನು, ಸೀಗೆಗಳೊಂದಿಗೆ ಬದುಕಿದ ಆ ಗಿರಿಜನರಿಗೆ ಎಲೆ ಉದುರಿ ನಿಂತ ಮರವನ್ನೂ ತೊಗಟೆ ಮುಟ್ಟಿ ಹೆಸರಿಸುವ ಜಾಣ್ಮೆ ಇತ್ತು.

ಆಟಿ ಅಮಾವಾಸ್ಯೆಯ ಕೆಲಸ ನಮ್ಮ ಮನೆಯಲ್ಲಿ ಹಿಂದಿನ ಸಂಜೆಯೇ ಆರಂಭವಾಗುತ್ತಿತ್ತು. ಅಜ್ಜ ನಮ್ಮನ್ನು ಕರೆದುಕೊಂಡು ಗುಡ್ಡದ ಪಾಲೆ ಮರದ ಬಳಿಗೆ ಹೋಗಿ, ಬುಡಕ್ಕೆ ಕೈಮುಗಿದು, ಕಾಂಡಕ್ಕೊಂದು ನೂಲು ಸುತ್ತಿ, ಅಡಿಯಲ್ಲಿ ಒಂದು ಮೊನಚು ಕಲ್ಲಿಟ್ಟು ಬರುತ್ತಿದ್ದರು. ನಾಳೆ ಬರುತ್ತೇವೆ, ಮದ್ದು ಸಿದ್ಧಮಾಡಿಡು ಎಂದು ಮರಕ್ಕೆ ಹೇಳುವುದು ಕ್ರಮ. ಯಾಕಜ್ಜ ಎಂದು ಕೇಳಿದರೆ ಅವರ ಉತ್ತರ ಚಿಕ್ಕದು: ‘ಮದ್ದು ತರುವುದು ನಾಳೆ, ಮರ ನೋಡುವುದು ಇವತ್ತು.’

ಮರುದಿನ ಸೂರ್ಯೋದಯಕ್ಕೆ ಮೊದಲೇ ಹೋಗಿ ಆ ಕಲ್ಲಿನಿಂದಲೇ ತೊಗಟೆ ಜಜ್ಜಿ ತೆಗೆಯಬೇಕು. ಕತ್ತಿ ಮುಟ್ಟಿಸುವಂತಿಲ್ಲ. ಕಲ್ಲಿನ ಏಟಿಗೆ ತೊಗಟೆ ಚೂರುಚೂರಾಗಿ ಏಳುತ್ತದೆ. ಕತ್ತಿಯಿಂದ ಸುತ್ತಲೂ ಕೊರೆದಂತೆ ಮರ ಸಾಯುವ ಭಯವಿಲ್ಲ. ಮನೆಯಲ್ಲಿ ಅಜ್ಜಿ ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯೊಂದಿಗೆ ಅರೆದು, ಸೋಸಿ, ಒಲೆಯಲ್ಲಿ ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ರಸಕ್ಕೆ ಹಾಕುತ್ತಿದ್ದರು. ಚುಂಯ್ ಎಂದು ಕುದಿದ ಆ ರಸ ಒಬ್ಬೊಬ್ಬರಿಗೆ ಕಾಲು ಲೋಟ. ಮಕ್ಕಳಿಗೆ ಒಂದೆರಡು ಚಮಚ ಮಾತ್ರ. ಆಮೇಲೆ ಮೈ ತಂಪಾಗಲೆಂದು ತೆಂಗಿನಹಾಲು, ಬೆಲ್ಲ ಹಾಕಿದ ಮೆಂತೆಗಂಜಿ. ಮಕ್ಕಳು ಕಹಿ ನುಂಗುತ್ತಿದ್ದುದು ಆ ಗಂಜಿಯ ಆಸೆಗೆ.

ಈ ಮದ್ದು ಆಟಿಯಲ್ಲೇ ಏಕೆ ಎಂಬುದಕ್ಕೆ ಹಳೆಯ ಬದುಕಿನಲ್ಲಿ ಉತ್ತರವಿದೆ. ಆಟಿ ಎಂದರೆ ಜಡಿಮಳೆ, ಖಾಲಿ ಕಣಜ, ಹೊಟ್ಟೆನೋವು, ಭೇದಿ, ಚಳಿಜ್ವರ. ಮಾರಿ ಕಳೆಯಲೆಂದು ಆಟಿ ಕಳೆಂಜ ಮನೆಮನೆಗೆ ಬಂದು ಕುಣಿಯುತ್ತಿದ್ದುದೂ ಈ ತಿಂಗಳಲ್ಲೇ. ಪಶ್ಚಿಮ ಘಟ್ಟದ ತಪ್ಪಲಿನ ಚಳಿಜ್ವರಕ್ಕೆ ಹಿಂದೆ ಊರಿಗೆ ಊರೇ ಹೆದರುತ್ತಿತ್ತು. ತೊರೆಗಳ ನಿಧಾನ ಹರಿವಿನಲ್ಲಿ ಬೆಳೆಯುವ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆ ಅದನ್ನು ಹರಡುತ್ತಿತ್ತು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು 1897ರಲ್ಲಿ. ಅದಕ್ಕೆ ಮೊದಲು ಜನರಿಗೆ ಕಾರಣ ತಿಳಿದಿರಲಿಲ್ಲ. ಜ್ವರ ಬರುವ ಕಾಲ ಮಾತ್ರ ಗೊತ್ತಿತ್ತು.

ದಕ್ಷಿಣ ಅಮೆರಿಕದಿಂದ ಬಂದ ಸಿಂಕೋನಾ ಕೂಡ ಕಹಿ ತೊಗಟೆಯೇ. ಅದರಿಂದ 1820ರಲ್ಲಿ ಫ್ರಾನ್ಸಿನ ಪೆಲೆಟಿಯೇ ಮತ್ತು ಕಾವೆಂತೂ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕ್ವಿನೈನ್ ಬೇರ್ಪಡಿಸಿದರು. ಪಾಲೆಯಲ್ಲೂ ಅಂಥದೇ ಗುಣವಿರಬಹುದೆಂದು 19ನೆಯ ಶತಮಾನದಲ್ಲಿ ಹಲವರು ನಿರೀಕ್ಷಿಸಿದ್ದರು. ಫಿಲಿಪ್ಪೀನ್ಸಿನ ಮನಿಲಾದಲ್ಲಿ ಇದರ ಸಾರವನ್ನು ಕ್ವಿನೈನಿಗೆ ಬದಲಿಯೆಂದು ಪರಿಚಯಿಸಿದ್ದೂ ಉಂಟು. ತೊಗಟೆಯಲ್ಲಿ ಎಕಿಟಮೀನ್ ಮೊದಲಾದ ಆಲ್ಕಲಾಯ್ಡುಗಳು ಇರುವುದು ನಿಜ. ಆದರೆ ಮಲೇರಿಯಾ ಗುಣಪಡಿಸುವಲ್ಲಿ ಕ್ವಿನೈನಿನಷ್ಟು ನೆಚ್ಚಬಹುದಾದ ಮದ್ದೆಂದು ಇದು ಸಿದ್ಧವಾಗಲಿಲ್ಲ. ಕಷಾಯ ಕುಡಿದಿದ್ದೇನೆ, ಇನ್ನು ಜ್ವರ ಬಾರದು ಎಂದು ಮಂಗಳೂರಿನಂಥ ಮಲೇರಿಯಾದ ಊರಿನಲ್ಲಿ ರಕ್ತಪರೀಕ್ಷೆ ಮುಂದೂಡುವುದು ಅಪಾಯ. ಈ ಮಾತನ್ನು ನೇರವಾಗಿಯೇ ಹೇಳಬೇಕು.

ಹಾಗಾದರೆ ಈ ಆಚರಣೆಯ ತಿಳಿವು ಎಲ್ಲಿದೆ? ಅದು ಹಿಂದಿನ ಸಂಜೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಗುಡ್ಡಗಳಲ್ಲಿ ಪಾಲೆಯ ನೆರೆಯಲ್ಲೇ ಇನ್ನೊಂದು ಮರ ಬೆಳೆಯುತ್ತದೆ. ತುಳುವಿನಲ್ಲಿ ಕಾಯೆರ್, ಕನ್ನಡದಲ್ಲಿ ಕಾಸರಕ. ಇದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಇದೂ ಕಹಿಯೇ. ಮೋಡ ಕವಿದ ಅಮಾವಾಸ್ಯೆಯ ನಸುಕಿನಲ್ಲಿ, ಮಳೆಗೆ ನೆನೆದು ಪಾಚಿಗಟ್ಟಿದ ಎರಡು ಕಾಂಡಗಳು ಪಕ್ಕಪಕ್ಕದಲ್ಲಿ ನಿಂತಿದ್ದರೆ, ಎಲೆಗಳು ತಲೆಯ ಮೇಲೆ ಎತ್ತರದಲ್ಲಿದ್ದರೆ, ಗುರುತು ಹಿಡಿಯುವುದು ಹೇಗೆ? ಬೆಳಕಿರುವಾಗಲೇ ಎಲೆ ನೋಡಿ, ಮರ ಖಚಿತಪಡಿಸಿಕೊಂಡು, ನೂಲು ಕಟ್ಟಿ ಬರುವುದೊಂದೇ ದಾರಿ. ಕತ್ತಲಲ್ಲಿ ಕೈ ತಡಕುವುದು ಮರವನ್ನಲ್ಲ, ನೂಲನ್ನು. ಪ್ರಯೋಗಾಲಯದಲ್ಲಿ ಸೀಸೆಗೆ ಚೀಟಿ ಅಂಟಿಸುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಮರಕ್ಕೆ ಕೈಮುಗಿಯುವ ನೆವದಲ್ಲಿ ಹಿರಿಯರು ಮಕ್ಕಳಿಗೆ ಗುರುತು ಕಲಿಸುತ್ತಿದ್ದರು.

ತೊಗಟೆ ಅದಲುಬದಲಾದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. 19ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಔಷಧದಂಗಡಿಗಳಲ್ಲಿ ಆಂಗೊಸ್ಟುರಾ ಎಂಬ ಜ್ವರದ ತೊಗಟೆ ಮಾರಾಟವಾಗುತ್ತಿತ್ತು. ಅದರೊಂದಿಗೆ ಬೇರೊಂದು ತೊಗಟೆ ಬೆರೆತು ಬಂದು ಜನ ವಿಷಕ್ಕೆ ತುತ್ತಾದರು. 1819ರಲ್ಲಿ ಅದೇ ಪೆಲೆಟಿಯೇ ಮತ್ತು ಕಾವೆಂತೂ ಆ ಸುಳ್ಳು ತೊಗಟೆಯಿಂದ ಒಂದು ವಿಷವನ್ನು ಬೇರ್ಪಡಿಸಿದರು. ತೊಗಟೆ ಆಫ್ರಿಕದ ಬ್ರೂಸಿಯಾ ಗಿಡದ್ದೆಂದು ಭಾವಿಸಿ ವಿಷಕ್ಕೆ ಬ್ರೂಸಿನ್ ಎಂದು ಹೆಸರಾಯಿತು. ಕೊನೆಗೆ ನೋಡಿದರೆ ಅದು ನಮ್ಮ ಕಾಸರಕದ ತೊಗಟೆ! ಆ ತಪ್ಪು ಗುರುತಿನ ಕುರುಹು ಇಂದಿಗೂ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಹೆಸರಾಗಿ ಉಳಿದಿದೆ. ತಕ್ಕಡಿ, ಸೀಸೆ, ಪಂಡಿತರು ಎಲ್ಲ ಇದ್ದಲ್ಲೂ ಇಲ್ಲದೆ ಹೋದದ್ದು ಒಂದೇ: ಮರವನ್ನು ಕಣ್ಣಾರೆ ಕಂಡವರು.

ಈ ಸತ್ಯವನ್ನು ಅದಕ್ಕೂ ಬಹಳ ಮೊದಲೇ ಅರಿತವನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್. ಮಲಬಾರಿನ ಗಿಡಮರಗಳ ಬಗ್ಗೆ ಅವನು ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಲ್ಯಾಟಿನ್ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದಕ್ಕೆ ಗಿಡ ತೋರಿಸಿಕೊಟ್ಟ ಮುಖ್ಯರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು. ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ನಾಗರಿ ಲಿಪಿಯಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಕೊಂಕಣಿ ದಿನಬಳಕೆಯ ನುಡಿಯಾಗಿರುವ ಕುಲಶೇಖರದಲ್ಲಿ ಕುಳಿತು ಇದನ್ನು ಬರೆಯುವಾಗ ಅಭಿಮಾನವೆನಿಸುತ್ತದೆ. ಆ ಸಂಪುಟದಲ್ಲಿ ನಮ್ಮ ಮರ ‘ಪಾಲ’ ಎಂಬ ದೇಶೀ ಹೆಸರಿನಲ್ಲೇ ಚಿತ್ರಸಮೇತ ನಿಂತಿದೆ. ಮುಂದೆ ಲಿನೇಯಸ್ ಇದಕ್ಕೆ ‘ಸ್ಕಾಲರಿಸ್’ ಎಂಬ ಹೆಸರು ಸೇರಿಸಿದ. ಈ ಮರದ ಹಲಗೆಯ ಮೇಲೆ ಮಕ್ಕಳು ಅಕ್ಷರ ತಿದ್ದುತ್ತಿದ್ದುದೇ ಅದಕ್ಕೆ ಕಾರಣ. ಆ ಗ್ರಂಥದ ಅರ್ಧ ಬೆಲೆ ಅದರ ಚಿತ್ರಗಳಲ್ಲಿದೆ. ಮದ್ದು ಹೇಳುವ ಮೊದಲು ಗಿಡ ತೋರಿಸು ಎಂಬುದೇ ಅದರ ಕ್ರಮ.

ಈಗ ಕುಲಶೇಖರಕ್ಕೆ ಮರಳೋಣ. ಇಲ್ಲಿ ಕಷಾಯ ಉಳಿದಿದೆ, ಹಿಂದಿನ ಸಂಜೆ ಉಳಿದಿಲ್ಲ. ಗುಡ್ಡ ತಗ್ಗಿಸಿ ಮನೆಗಳಾಗಿವೆ. ತೊಗಟೆ ಯಾರೋ ತಂದದ್ದು, ಯಾರೋ ಹಂಚಿದ್ದು, ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದು. ಚೂರಾದ ಒದ್ದೆ ತೊಗಟೆಯನ್ನು ನೋಡಿ ಅದು ಯಾವ ಮರದ್ದೆಂದು ಹೇಳಬಲ್ಲ ಅಜ್ಜಂದಿರು ಕೇರಿಗೊಬ್ಬರೂ ಇಲ್ಲ. ಘಾಟಿಯ ಮೇಲೂ ಕಥೆ ಬೇರೆಯಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ಅದರೊಳಗಿನ ಕಾಡಿನೊಡನೆ ಮಲೆಕುಡಿಯರಿಗಿದ್ದ ದಿನದಿನದ ಒಡನಾಟ ಕಡಿಮೆಯಾಯಿತು. ಟೆಲಿವಿಷನ್ನಿನವನಾಗಿ ಇನ್ನೊಂದು ಮಾತು ಹೇಳುತ್ತೇನೆ. ಕಷಾಯ ಕುಡಿದು ಮುಖ ಕಿವುಚುವ ಮಗುವನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಮರದ ಬುಡದಲ್ಲಿ ಎಲೆ ಎಣಿಸುವ ಮುದುಕರನ್ನು ತೋರಿಸಲು ಯಾವ ಕಾರ್ಯಕ್ರಮಕ್ಕೂ ಸಮಯವಿರುವುದಿಲ್ಲ.

ಆದುದರಿಂದ ಓದುಗರೇ, ಕಷಾಯ ಕುಡಿಯುವ ರೂಢಿ ನಿಮ್ಮಲ್ಲಿದ್ದರೆ ಹಿಂದಿನ ದಿನ ಹಗಲಲ್ಲೇ ಮರದ ಬಳಿಗೆ ಹೋಗಿ. ಪಾಲೆಯ ಎಲೆಗಳು ಗೆಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ. ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಹೆಚ್ಚುಕಡಿಮೆ. ತೊಗಟೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ. ಎಲೆಯ ಬುಡದಿಂದಲೇ ಮೂರರಿಂದ ಐದು ದಪ್ಪ ನರಗಳು ಹೊರಡುತ್ತವೆ. ಹಾಲು ಇರುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದ ಉಂಡೆ. ಆದರೆ ಹಾಲು ಬಂದ ಮಾತ್ರಕ್ಕೆ ಪಾಲೆ ಎಂದು ನಂಬಬೇಡಿ, ಹಾಲು ಸುರಿಸುವ ವಿಷದ ಮರಗಳೂ ಉಂಟು. ಎಲೆ, ಹಾಲು ಎರಡೂ ತಾಳೆಯಾಗಬೇಕು, ಬಲ್ಲವರೊಬ್ಬರು ಹೌದೆನ್ನಬೇಕು. ಮರ ನೋಡದ ತೊಗಟೆಯನ್ನು ಯಾರು ಕೊಟ್ಟರೂ ಕುಡಿಯಬೇಡಿ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಇದು ಬೇಡವೇ ಬೇಡ. ಕುಡಿದ ಮೇಲೆ ಮೈ ಸೆಟೆದರೆ, ದವಡೆ ಬಿಗಿದರೆ ಮಜ್ಜಿಗೆ, ಗಂಜಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಟ್ರಿಕ್ನಿನ್ ವಿಷದಲ್ಲಿ ಉಸಿರಾಟ ನಿಲ್ಲುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹತ್ತಿರದಲ್ಲಿ ಮರವಿಲ್ಲದವರು ಮಂಗಳೂರಿನ ಪಿಲಿಕುಳ ನಿಸರ್ಗಧಾಮದ ಔಷಧಿ ವನಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಓದಿ ತಿಳಿಯಬಯಸುವವರಿಗೆ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಪ್ರಕಟಿಸಿದ ‘ಫ್ಲೋರಾ ಆಫ್ ಉಡುಪಿ’ ಇದೆ. ಕುಡಿಯುವುದು ಬಿಡುವುದು ನಿಮ್ಮ ಇಷ್ಟ. ಪಾಲೆ ಯಾವುದು, ಕಾಯೆರ್ ಯಾವುದು ಎಂದು ಹೇಳಬಲ್ಲ ಒಂದು ಮಗು ಮಾತ್ರ ಪ್ರತಿ ಮನೆಯಲ್ಲೂ ಇರಲಿ.