ಬೈಗುಳಕ್ಕಿಳಿದ ಬಿರುದುಗಳು

ನಮ್ಮ ಕಡೆ ಒಬ್ಬನನ್ನು ದಡ್ಡನೆಂದು ಹೇಳಬೇಕಾದರೆ ದಡ್ಡ ಎಂಬ ಶಬ್ದವನ್ನೇ ಬಳಸಬೇಕೆಂಬ ಕಟ್ಟುಪಾಡೇನೂ ಇಲ್ಲ. ‘ಬಂದ ನೋಡು, ಬೃಹಸ್ಪತಿ!’ ಎಂದರೆ ಸಾಕು. ಬೃಹಸ್ಪತಿಯೋ ದೇವತೆಗಳಿಗೇ ಗುರು. ಆದರೂ ಆ ಹೆಸರು ಕಿವಿಗೆ ಬಿದ್ದೊಡನೆ ಕೇಳಿದವನ ಮುಖ ಸಣ್ಣದಾಗುತ್ತದೆ. ‘ಮಹಾನುಭಾವ’, ‘ಪುಣ್ಯಾತ್ಮ’ ಎಂಬ ಮಾತುಗಳ ಪಾಡೂ ಹೀಗೆಯೇ. ಕೊಂಡಾಡುವ ಮಾತನ್ನು ತುಸು ಎಳೆದು ಆಡಿದರೆ ಅದೇ ಹಳಿಯುವ ಮಾತಾಗುತ್ತದೆ. ಈ ವಿದ್ಯೆ ಇಂದು ನಿನ್ನೆಯದಲ್ಲ. ಅದರ ಬಾಯಿಗೆ ಸಿಕ್ಕವರಲ್ಲಿ ಒಬ್ಬ ಚಕ್ರವರ್ತಿಯೂ ಇದ್ದಾನೆ.

1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಬರಹವೊಂದು ಕಣ್ಣಿಗೆ ಬಿತ್ತು. ಅದುವರೆಗೆ ಓದಿದ್ದ ಅಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿತು. ದೇವಾನಾಂಪ್ರಿಯ ಎಂದರೆ ದೇವತೆಗಳಿಗೆ ಪ್ರಿಯನಾದವನು. ಅದು ಅಶೋಕನೊಬ್ಬನ ಸೊತ್ತೇನೂ ಅಲ್ಲ. ಅವನ ಕಾಲದ ಸಿಂಹಳದ ಅರಸ ತಿಸ್ಸನಿಗೂ, ಮೊಮ್ಮಗ ದಶರಥನಿಗೂ ಅದೇ ಬಿರುದಿತ್ತು.

ಇಂಥ ಮಾತಿಗೆ ಮುಂದೆ ಬಂದ ಗತಿಯನ್ನು ತಿಳಿಯಬೇಕಾದರೆ ವ್ಯಾಕರಣದ ಬಾಗಿಲು ತಟ್ಟಬೇಕು. ಪಾಣಿನಿ ಬೈಗುಳಕ್ಕೂ ಒಂದು ಸೂತ್ರ ಮಾಡಿಟ್ಟಿದ್ದಾನೆಂದರೆ ವಾಚಕರು ನಗಬಾರದು. ಪದಗಳು ಕೂಡಿ ಸಮಾಸವಾಗುವಾಗ ಷಷ್ಠೀ ವಿಭಕ್ತಿಯ ಪ್ರತ್ಯಯ ಲೋಪವಾಗುವುದು ವಾಡಿಕೆ. ಆದರೆ ಆಕ್ರೋಶದ ಮಾತಿನಲ್ಲಿ ಅದು ಲೋಪವಾಗದು. ಪಾಣಿನಿಯನ್ನು ಓದದ ನಮ್ಮ ಜನರಿಗೂ ಬೈಗುಳದಲ್ಲಿ ಷಷ್ಠಿಯ ಮೇಲೆ ಬಹಳ ಮಮತೆ: ‘ಕಳ್ಳನ ಮಗ’, ‘ಕತ್ತೆಯ ಮಗ’ ಎಂದು ಆ ಪ್ರತ್ಯಯವನ್ನು ಒತ್ತಿಯೇ ಹೇಳುತ್ತಾರೆ. ‘ದೇವಾನಾಂಪ್ರಿಯ’ದಲ್ಲಿಯೂ ಷಷ್ಠಿ ಉಳಿದುಕೊಂಡಿದೆಯಲ್ಲ! ವೈಯಾಕರಣರು ಅದನ್ನು ತಂದು ಈ ಸೂತ್ರದ ಕೆಳಗೇ ಕೂರಿಸಿದರು. ಪತಂಜಲಿಯ ಮಹಾಭಾಷ್ಯದಲ್ಲಿ ಅದಿನ್ನೂ ‘ಆಯುಷ್ಮಂತ’ ಎಂಬಂಥ ಮಾತುಗಳ ಪಂಕ್ತಿಯಲ್ಲಿ ಮರ್ಯಾದೆಯಿಂದ ಕುಳಿತಿದೆ. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಗೆ ಬರುವ ಹೊತ್ತಿಗೆ ಅರ್ಥ ನಿಶ್ಚಯವಾಗಿಹೋಗಿತ್ತು: ಮೂರ್ಖ!

ಇದು ಬೌದ್ಧ ಅರಸನ ಮೇಲಿನ ಸಿಟ್ಟೆಂದು ಕೆಲವು ವಿದ್ವಾಂಸರು. ಅಲ್ಲ, ಬರಿಯ ವ್ಯಂಗ್ಯದ ಬಳಕೆಯಿಂದ ಸವೆದ ಪದವೆಂದು ಮತ್ತೆ ಕೆಲವರು. ಎರಡೂ ಸ್ವಲ್ಪ ಸ್ವಲ್ಪ ಸೇರಿರಬಹುದೆಂದು ನನಗೆ ತೋರುತ್ತದೆ.

ಅಶೋಕನ ಇನ್ನೊಂದು ಮಾತಿಗೂ ಇದೇ ಅವಸ್ಥೆ ಬಂತು. ಅವನ ಶಾಸನಗಳಲ್ಲಿ ‘ಪಾಷಂಡ’ ಎಂದರೆ ಯಾವುದೇ ಒಂದು ಮತದವರು, ಅಷ್ಟೆ. ಎಲ್ಲ ಪಾಷಂಡರನ್ನೂ ಗೌರವಿಸುತ್ತೇನೆಂದು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮನುಸ್ಮೃತಿಯಲ್ಲಿ ಅದೇ ಪದಕ್ಕೆ ವೇದಬಾಹ್ಯನೆಂಬ ತಿರಸ್ಕಾರ ಅಂಟಿತು. ನಮ್ಮ ಮಾತಿನಲ್ಲಿ ಪಾಷಂಡಿ, ಪಾಖಂಡಿ ಎಂದರೆ ಸೋಗಲಾಡಿ. ನನ್ನವನಲ್ಲದವನು ಎನ್ನುವಲ್ಲಿಂದ ಕೆಟ್ಟವನು ಎನ್ನುವಲ್ಲಿಗೆ ದೂರ ಬಹಳವಿಲ್ಲ.

ಸೋಜಿಗವೇನೆಂದರೆ, ಈ ದಾರಿಯನ್ನು ಕಂಡು ಎಚ್ಚರಿಸಿದವನೂ ಅಶೋಕನೇ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೊಂದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅದರ ಮೇಲೆ ಅವನ ಹನ್ನೆರಡನೆಯ ಶಾಸನವಿದೆ. ಮಾತಿಗೆ ಲಗಾಮು ಇರಲಿ. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಒಬ್ಬರ ಮಾತನ್ನು ಒಬ್ಬರು ಕೇಳಬೇಕು—ಇದು ಅದರ ತಾತ್ಪರ್ಯ. ಹೀಗೆ ಬರೆಸಿದವನ ಬಿರುದೇ ಬೈಗುಳವಾಯಿತು.

ಅಶೋಕನ ಕಾಲದವರನ್ನಾಗಲಿ ಭಟ್ಟೋಜಿಯ ಕಾಲದವರನ್ನಾಗಲಿ ದೂರುವಷ್ಟು ದೊಡ್ಡವನು ನಾನಲ್ಲ. ನನ್ನ ನಾಲಗೆಯ ಚರಿತ್ರೆಯೂ ಸ್ವಲ್ಪ ಇದೆ. ಮಾಧ್ಯಮಿಕ ಶಾಲೆಯಲ್ಲಿ ನಮ್ಮೂರ ಕ್ಷೌರದವರ ಹುಡುಗನೊಬ್ಬ ನನ್ನ ಜೊತೆಯಲ್ಲಿ ಓದುತ್ತಿದ್ದ. ಒಂದು ದಿನ ಲೆಕ್ಕದಲ್ಲಿ ಅವನಿಗೆ ನನಗಿಂತ ಹೆಚ್ಚು ಅಂಕ ಬಂತು. ಉತ್ತರ ತೋಚದೆ ನಾನು ‘ಹೋಗೋ ಹಜಾಮ’ ಎಂದೆ. ಹುಡುಗರೆಲ್ಲ ನಕ್ಕರು. ಅವನು ಸ್ಲೇಟನ್ನು ಎದೆಗವಚಿಕೊಂಡು ಹಿಂದಿನ ಸಾಲಿಗೆ ಹೋಗಿ ಕುಳಿತ.

ಹಜಾಮ ಎಂಬುದು ಅರಬ್ಬಿಯಿಂದ ಬಂದ ಮಾತು; ‘ಹಜ್ಜಾಮ್’ ಎಂದರೆ ಮೈಯ ಕೆಟ್ಟ ರಕ್ತವನ್ನು ಹೀರಿ ತೆಗೆದು ನೋವು ವಾಸಿ ಮಾಡುವ ಚಿಕಿತ್ಸಕ. ನಮ್ಮ ಎಷ್ಟೋ ಹಳ್ಳಿಗಳಲ್ಲಿಯೂ ಕುರು ಕೊಯ್ದು ಗಾಯ ಕಟ್ಟುತ್ತಿದ್ದವರು ಕ್ಷೌರದವರೇ. ಹೆರಿಗೆಗೆ ಅವರ ಮನೆಯ ಹೆಂಗಸರೇ ಬರಬೇಕು. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಆ ಹುಡುಗನ ಅಜ್ಜಿಯದೆಂದು ನಮ್ಮ ತಾಯಿ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ವೈದ್ಯನ ಹೆಸರನ್ನು ಬೈಗುಳ ಮಾಡಿದ್ದು ಯಾವ ವೈಯಾಕರಣನೂ ಅಲ್ಲ; ನನ್ನಂಥವರೇ.

ಆ ವಾರ ಅವನ ತಂದೆ ಎಂದಿನಂತೆ ನಮ್ಮ ಜಗಲಿಗೆ ಬಂದ. ಸಂಗತಿ ಅವನಿಗೆ ಗೊತ್ತಾಗಿತ್ತು. ಮುಖ ನೋಡಿದೊಡನೆ ನನಗೆ ತಿಳಿಯಿತು. ಕತ್ತಿಯನ್ನು ಮಸೆಯುವ ಸದ್ದು ಕೇಳುತ್ತ ನಾನು ಬೆವರಿದೆ. ಅವನು ನನ್ನ ನೆತ್ತಿಯ ಮೇಲೆ ಮೆಲ್ಲಗೆ ಕೈಯಿಟ್ಟು, ‘ತಲೆ ತಗ್ಗಿಸಿ, ಬುದ್ಧಿ’ ಎಂದ.

ದೊಡ್ಡವರ ಮನೆಯ ಮಕ್ಕಳನ್ನು ಅಂಥವರು ಆಗ ಹಾಗೆಯೇ ಕರೆಯಬೇಕಾಗಿತ್ತು. ಅಂದು ಅವನು ಆಡಿದ ‘ಬುದ್ಧಿ’ ಬರಿಯ ವಾಡಿಕೆಯೋ, ‘ಬೃಹಸ್ಪತಿ’ಯ ಜಾತಿಗೆ ಸೇರಿದ್ದೋ, ಈ ವಯಸ್ಸಿನಲ್ಲಿಯೂ ನನಗೆ ಬಗೆಹರಿದಿಲ್ಲ. ತಲೆಯನ್ನಂತೂ ತಗ್ಗಿಸಿದೆ.