ಮಕ್ಕಳ ಕಥೆಯಲ್ಲಿ ಪಾತ್ರ, ದೇಶಕಾಲ ಮತ್ತು ಸಮಸ್ಯೆ: ಗುರುತಿಸುವ ಬಗೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಕಥೆ ಹೇಳುವ ವಾಡಿಕೆ ಇನ್ನೂ ಉಳಿದಿದೆ. ಆದರೆ ಕಥೆ ಮುಗಿದ ಮೇಲೆ ಮಗುವಿನೊಡನೆ ಏನು ಮಾತನಾಡಬೇಕೆಂಬುದು ನಮ್ಮಲ್ಲಿ ಹಲವರಿಗೆ ತೋಚುವುದಿಲ್ಲ. "ಕಥೆಯ ನೀತಿ ಏನು?" ಎಂದು ಕೇಳುತ್ತೇವೆ, ಮಗು ರೂಢಿಯ ವಾಕ್ಯವೊಂದನ್ನು ಒಪ್ಪಿಸುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ನೀತಿಗಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಕಥೆಯಲ್ಲಿ ಯಾರಿದ್ದಾರೆ? ಅದು ಎಲ್ಲಿ, ಯಾವಾಗ ನಡೆಯುತ್ತದೆ? ಅವರಿಗೆ ಒದಗಿದ ತೊಡಕು ಯಾವುದು? ಪಾತ್ರ, ದೇಶಕಾಲ, ಸಮಸ್ಯೆ ಎಂಬ ಈ ಮೂರನ್ನು ಗುರುತಿಸುವ ಬಗೆಯನ್ನು, ನಮಗೆಲ್ಲ ಚಿರಪರಿಚಿತವಾದ ಕಥೆಗಳ ಮೂಲಕವೇ ಇಲ್ಲಿ ವಿವರಿಸಲಾಗಿದೆ.

ಈ ವಿಷಯ ನಮ್ಮ ಗಮನಕ್ಕೆ ಬಂದ ಸಂದರ್ಭವನ್ನು ಮೊದಲು ಹೇಳುವುದು ಉಚಿತ. ಬ್ಯಾಂಕಿನ ವರ್ಗಾವಣೆಯ ನಿಮಿತ್ತ ನಾವು ಪುಣೆ ಜಿಲ್ಲೆಯ ಇಂದಾಪುರಕ್ಕೆ ಬಂದೆವು. ಪುಣೆ–ಸೊಲ್ಲಾಪುರ ಹೆದ್ದಾರಿಯ ಈ ತಾಲ್ಲೂಕು ಕೇಂದ್ರದಲ್ಲಿ ನೆರೆಯ ಕೆಲವು ಕನ್ನಡ ಮನೆಗಳ ಮಕ್ಕಳನ್ನು ರವಿವಾರ ಸಂಜೆ ಕೂಡಿಸಿ ಕಥೆ ಓದುವ ಪರಿಪಾಠವಿಟ್ಟುಕೊಂಡೆವು. ಒಂದು ದಿನ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಶಾಲೆಯಲ್ಲಿ ಕೊಟ್ಟ ಹಾಳೆಯನ್ನು ತಂದಳು. ಅದರಲ್ಲಿ ಮೂರು ಚೌಕಗಳು: ಕ್ಯಾರೆಕ್ಟರ್, ಸೆಟ್ಟಿಂಗ್, ಪ್ರಾಬ್ಲೆಮ್. ಗೊತ್ತಿರುವ ಯಾವುದಾದರೊಂದು ಕಥೆಯನ್ನು ಆಯ್ದು ಚೌಕಗಳನ್ನು ತುಂಬಬೇಕು. ಆಕೆ ಪುಣ್ಯಕೋಟಿಯ ಕಥೆಯನ್ನು ಆಯ್ದಿದ್ದಳು. ಪಾತ್ರ: ಹಸು ಮತ್ತು ಹುಲಿ. ಸ್ಥಳ: ಕಾಡು. ಸಮಸ್ಯೆ: ಹುಲಿ.

ಉತ್ತರ ತಪ್ಪೆನ್ನಲಾಗದು. ಆದರೂ ನಮಗೆ ಸಮಾಧಾನವಾಗಲಿಲ್ಲ. ಸಮಸ್ಯೆ ಹುಲಿಯೇ ಆಗಿದ್ದರೆ, ಹುಲಿಯು ಹಸುವನ್ನು ಮನೆಗೆ ಹೋಗಗೊಟ್ಟ ಕ್ಷಣಕ್ಕೆ ಕಥೆ ಮುಗಿಯಬೇಕಿತ್ತು. ಪುಣ್ಯಕೋಟಿಯ ಕಥೆ ಬಿಗಿಯಾಗುವುದು ಅಲ್ಲಿಂದ ಮುಂದೆಯೇ ಅಲ್ಲವೇ?

ಪಾತ್ರಗಳು

ಕಥೆಯಲ್ಲಿ ಹೆಸರು ಬಂದವರೆಲ್ಲ ಪಾತ್ರಗಳೇ. ಆದರೆ ಎಲ್ಲರ ತೂಕ ಒಂದೇ ಅಲ್ಲ. ಮುಖ್ಯ ಪಾತ್ರವನ್ನು ಗುರುತಿಸಲು ಮಕ್ಕಳಿಗೆ ಹೇಳಿಕೊಡಬಹುದಾದ ಸುಲಭ ಉಪಾಯ ಒಂದುಂಟು: ಆ ಪಾತ್ರವನ್ನು ತೆಗೆದುಬಿಟ್ಟರೆ ಕಥೆ ನಿಲ್ಲುವುದೇ, ಬೀಳುವುದೇ ಎಂದು ನೋಡುವುದು.

'ಗೋವಿನ ಹಾಡು' ಎಂದು ಪ್ರಸಿದ್ಧವಾದ ಕಥನಗೀತೆಯಲ್ಲಿ ಗೊಲ್ಲ ಕಾಳಿಂಗ, ಹಸು ಪುಣ್ಯಕೋಟಿ, ಹುಲಿ ಅರ್ಬುತ, ಪುಣ್ಯಕೋಟಿಯ ಕರು ಮತ್ತು ದೊಡ್ಡಿಯ ಇತರ ಹಸುಗಳು ಇದ್ದಾರೆ. ಕಾಳಿಂಗನನ್ನು ಬಿಟ್ಟರೂ ಕಥೆ ಹೇಗೋ ಸಾಗೀತು. ಕರುವನ್ನು ಬಿಟ್ಟರೆ? ಹಸು ಮನೆಗೆ ಹೋಗಿ ಬರಲು ಅವಕಾಶ ಬೇಡುವ ಕಾರಣವೇ ಇಲ್ಲವಾಗುತ್ತದೆ. ನಮ್ಮ ಹುಡುಗಿಯ ಚೌಕದಲ್ಲಿ ಕರುವಿಗೆ ಸ್ಥಾನವಿರಲಿಲ್ಲ. ಹೆಚ್ಚು ಮಾತನಾಡದ ಪಾತ್ರವೂ ಮುಖ್ಯವಾಗಬಹುದೆಂಬುದನ್ನು ಮಕ್ಕಳು ಹೀಗೆ ಕಂಡುಕೊಳ್ಳುತ್ತಾರೆ.

ಎರಡನೆಯ ಮಾತು: ಪಾತ್ರವನ್ನು ಬರಿಯ ಗುಣವಾಚಕದಿಂದ ಗುರುತಿಸಬಾರದು. 'ಹಸು ಒಳ್ಳೆಯದು, ಹುಲಿ ಕೆಟ್ಟದ್ದು' ಎಂದರೆ ವಿಚಾರ ಅಲ್ಲಿಯೇ ನಿಂತಿತು. ಪ್ರತಿಯೊಂದು ಪಾತ್ರಕ್ಕೂ ಏನು ಬೇಕಾಗಿದೆ ಎಂದು ಕೇಳಬೇಕು. ಹುಲಿಗೆ ಆಹಾರ ಬೇಕು, ಅದು ಹಸಿದಿದೆ. ಹಸುವಿಗೆ ಕರುವನ್ನು ಕಾಣಬೇಕು. ಕರುವಿಗೆ ತಾಯಿ ಬೇಕು. ಹೀಗೆ ಕೇಳಿದರೆ ಹುಲಿಯ ಹಸಿವೂ ಮಗುವಿಗೆ ಅರ್ಥವಾಗುತ್ತದೆ, ಕಥೆಯ ಕೊನೆಯಲ್ಲಿ ಹುಲಿಗೆ ಆಗುವ ಪಶ್ಚಾತ್ತಾಪವೂ ನಂಬಲರ್ಹವಾಗುತ್ತದೆ.

ದೇಶಕಾಲ

ಕಥೆ ನಡೆಯುವ ಸ್ಥಳ ಮತ್ತು ಸಮಯ ಎರಡನ್ನೂ ಸೇರಿಸಿ ದೇಶಕಾಲವೆನ್ನುತ್ತೇವೆ. ನಮ್ಮ ಅನುಭವದಲ್ಲಿ ಹೊರನಾಡ ಮಕ್ಕಳಿಗೆ ಮೂರರಲ್ಲಿ ಕಠಿಣವಾದುದು ಇದೇ. ಕಾರಣ, ಪಾತ್ರಗಳು ಎಲ್ಲ ಭಾಷೆಗಳಲ್ಲೂ ಹಸು, ಹುಲಿ, ಕೋತಿಗಳೇ. ದೇಶಕಾಲವನ್ನು ಹೇಳುವ ಮಾತುಗಳು ಮಾತ್ರ ಅಚ್ಚಗನ್ನಡದವು. 'ದೊಡ್ಡಿ' ಎಂದಾಗ ನಮ್ಮ ಮಕ್ಕಳು ಮುಖಮುಖ ನೋಡಿಕೊಂಡರು. ಮರಾಠಿಯ 'ಗೋಠಾ' ಎಂದೊಡನೆ ಎಲ್ಲರಿಗೂ ತಿಳಿಯಿತು. ಕೊಟ್ಟಿಗೆ, ದೊಡ್ಡಿ, ಗೋಠಾ ಎಂದು ಮೂರು ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ಹೇಳಿದ ಮೇಲೆ ಕಥೆ ಮುಂದೆ ಸಾಗಿತು. ಮಗುವಿಗೆ ಬರುವ ಭಾಷೆಯ ನೆರವು ಪಡೆಯಲು ನಾವು ಸಂಕೋಚಪಡಬೇಕಾಗಿಲ್ಲ.

ದೇಶಕಾಲವು ಚಿತ್ರದ ಹಿಂದಿನ ಬಣ್ಣದಂತೆ ಕೇವಲ ಅಲಂಕಾರವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಪಂಚತಂತ್ರದ ಕೋತಿ ಮತ್ತು ಮೊಸಳೆಯ ಕಥೆಯನ್ನು ನೋಡಿ. ನೇರಳೆ ಮರದ ಮೇಲಿನ ಕೋತಿಗೂ ನೀರಿನ ಮೊಸಳೆಗೂ ಸ್ನೇಹ. ಕೋತಿಯ ಹೃದಯವನ್ನು ತಿನ್ನಬೇಕೆಂದು ಮೊಸಳೆಯ ಹೆಂಡತಿ ಹಟ ಹಿಡಿಯುತ್ತಾಳೆ. ಮೊಸಳೆ ತನ್ನ ಉದ್ದೇಶವನ್ನು ಬಾಯಿಬಿಡುವುದು ನೀರಿನ ನಡುವೆ. ಅದೇ ಮಾತನ್ನು ದಡದಲ್ಲಿ ಹೇಳಿದ್ದರೆ ಕೋತಿ ಒಂದು ನೆಗೆತಕ್ಕೆ ಮರವೇರುತ್ತಿತ್ತು. ಅಂದರೆ ಇಲ್ಲಿ ಅಪಾಯವನ್ನು ಹುಟ್ಟಿಸಿದ್ದೇ ಸ್ಥಳ. ಹೃದಯವನ್ನು ಮರದಲ್ಲಿಯೇ ಬಿಟ್ಟುಬಂದೆನೆಂಬ ಕೋತಿಯ ಜಾಣ್ಮೆಯ ಗುರಿಯೂ ಮತ್ತೆ ದಡ ಸೇರುವುದೇ.

ಇಂದಾಪುರದ ಮಕ್ಕಳಿಗೆ ಇದನ್ನು ಮನಗಾಣಿಸುವುದು ಸುಲಭವಾಯಿತು. ಭೀಮಾ ನದಿಗೆ ಅಡ್ಡಲಾಗಿ ಸೊಲ್ಲಾಪುರ ಜಿಲ್ಲೆಯಲ್ಲಿ ಕಟ್ಟಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಅಂಚಿನುದ್ದಕ್ಕೂ ಹರಡಿದೆ. ಚಳಿಗಾಲದಲ್ಲಿ ಭಿಗವಣದ ಬಳಿ ರಾಜಹಂಸಗಳನ್ನು ಈ ಮಕ್ಕಳು ಕಂಡಿದ್ದಾರೆ. ನೀರು ಇಳಿದಾಗ ಪಳಸದೇವದ ಮುಳುಗಿದ ದೇಗುಲ ತಲೆಯೆತ್ತುವುದನ್ನೂ ಬಲ್ಲರು. "ಆ ನೀರಿನ ನಟ್ಟನಡುವೆ ಮೊಸಳೆಯ ಬೆನ್ನ ಮೇಲೆ ಕೋತಿ ಕುಳಿತಿದೆ" ಎಂದಾಗ ಒಬ್ಬ ಹುಡುಗ ಕಾಲುಗಳನ್ನು ಮೇಲೆತ್ತಿಕೊಂಡು ಕುಳಿತ. ಅವನಿಗೆ ದೇಶಕಾಲ ಅರ್ಥವಾಗಿತ್ತು.

ಸಮಯದ ವಿಷಯದಲ್ಲೂ ಹೀಗೆಯೇ. 'ಒಂದಾನೊಂದು ಕಾಲದಲ್ಲಿ' ಎಂಬುದು ಕಾಲವಾಚಕವೇ ಸರಿ. ಆದರೆ ಅದರಾಚೆಗೆ ಸಂಜೆಯೋ ಮುಂಜಾವೋ, ಮಳೆಗಾಲವೋ ಬೇಸಿಗೆಯೋ ಎಂಬುದು ಕಥೆಯನ್ನು ನಡೆಸುತ್ತಿರುತ್ತದೆ. ಸಂಜೆ ಹಸುಗಳು ಮನೆಗೆ ಮರಳುವ ವೇಳೆ. ಆ ವೇಳೆಗೆ ತಾಯಿ ಬರಲಿಲ್ಲವೆಂದರೆ ಕರುವಿನ ಪಾಡೇನು?

ಸಮಸ್ಯೆ

ಸಮಸ್ಯೆಯೆಂದರೆ ಪಾತ್ರಕ್ಕೆ ಬೇಕಾದುದಕ್ಕೂ ಅದು ದೊರೆಯುವುದಕ್ಕೂ ನಡುವೆ ನಿಂತ ತೊಡಕು. ಇದರಲ್ಲಿ ಎರಡು ಪದರಗಳಿರುತ್ತವೆ. ಕಣ್ಣಿಗೆ ಕಾಣುವ ಅಪಾಯ ಮೊದಲನೆಯದು. ಪಾತ್ರವು ಏನಾದರೊಂದನ್ನು ಆಯ್ದುಕೊಳ್ಳಲೇಬೇಕಾದ ಇಕ್ಕಟ್ಟು ಎರಡನೆಯದು. ಮಕ್ಕಳು ಮೊದಲನೆಯದನ್ನು ತಾವಾಗಿಯೇ ಗುರುತಿಸುತ್ತಾರೆ. ಎರಡನೆಯದನ್ನು ತೋರಿಸಿಕೊಡುವುದು ಹಿರಿಯರ ಕೆಲಸ.

ಪುಣ್ಯಕೋಟಿಗೆ ಹುಲಿಯಿಂದ ಒದಗಿದ್ದು ಅಪಾಯ. ಕರುವಿಗೆ ಹಾಲೂಡಿಸಿದ ಬಳಿಕ, ಕೊಟ್ಟ ಮಾತಿನಂತೆ ಹಿಂದಿರುಗಬೇಕೇ, ಮನೆಯಲ್ಲಿ ಉಳಿಯಬೇಕೇ ಎಂಬುದು ಇಕ್ಕಟ್ಟು. ಆಗ ಅದನ್ನು ಕಾಯುವವರು ಯಾರೂ ಇಲ್ಲ. ಹುಲಿ ದೂರದ ಕಾಡಿನಲ್ಲಿದೆ. ಕಥೆಯ ಸಮಸ್ಯೆ ಇರುವುದು ಕಾಡಿನಲ್ಲಲ್ಲ, ದೊಡ್ಡಿಯಲ್ಲಿ. ಮೊಸಳೆಯ ಕಥೆಯಲ್ಲೂ ಎರಡು ಸಮಸ್ಯೆಗಳಿವೆ: ಪ್ರಾಣ ಉಳಿಸಿಕೊಳ್ಳುವುದು ಕೋತಿಯದು, ಹೆಂಡತಿಯ ಹಟವೋ ಗೆಳೆಯನ ಸ್ನೇಹವೋ ಎಂಬುದು ಮೊಸಳೆಯದು.

ಕೆಲವು ಕಥೆಗಳಲ್ಲಿ ಸಮಸ್ಯೆಯು ಸರಪಳಿಯಂತೆ ಬರುತ್ತದೆ. ಕನ್ನಡ ಶಿಶುಸಾಹಿತ್ಯಕ್ಕೆ ಅಡಿಗಲ್ಲಿಟ್ಟ ಪಂಜೆ ಮಂಗೇಶರಾಯರ (1874–1937) ಒಂದು ಕಥೆಯ ಹೆಸರೇ 'ಸಿಗಡಿ ಯಾಕೆ ಒಣಗಲಿಲ್ಲ?' ಎಂದಿದೆ. ಸಮಸ್ಯೆಯೂ ಕರಾವಳಿಯ ದೇಶಕಾಲವೂ ಶೀರ್ಷಿಕೆಯಲ್ಲಿಯೇ ಅಡಕವಾಗಿವೆ. ತೆಲುಗರ ಏಳು ಮೀನುಗಳ ಕಥೆಯೂ ಇಂಥ ಪ್ರಶ್ನೆಯಿಂದಲೇ ಹೊರಡುತ್ತದೆ. ಮೀನು ಹುಲ್ಲನ್ನು ದೂರುತ್ತದೆ, ಹುಲ್ಲು ಹಸುವನ್ನು, ಹಸು ದನಗಾಹಿಯನ್ನು, ದನಗಾಹಿ ಅನ್ನವಿಕ್ಕದ ಅವ್ವನನ್ನು, ಅವ್ವ ಅಳುವ ಮಗುವನ್ನು, ಮಗು ಕಚ್ಚಿದ ಇರುವೆಯನ್ನು. ಇರುವೆಯ ಉತ್ತರ: ನನ್ನ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಡುವೆನೇ? ಮೊದಲು ಕಂಡ ಸಮಸ್ಯೆಗೂ ಅದರ ಮೂಲಕ್ಕೂ ಎಷ್ಟು ದೂರವೆಂಬುದನ್ನು ಮಕ್ಕಳು ನಗುನಗುತ್ತಲೇ ಕಲಿಯುತ್ತಾರೆ.

ಮೂರನ್ನೂ ಕೂಡಿಸಿ: ಕಿಂದರಿಜೋಗಿ

ಜರ್ಮನಿಯಲ್ಲಿ ವೇಸರ್ ನದಿಯ ದಡದ ಹ್ಯಾಮೆಲಿನ್ ಪಟ್ಟಣದ ಐತಿಹ್ಯವೊಂದಿದೆ. ಅದು 1284ರಲ್ಲಿ ನಡೆಯಿತೆಂದು ಪ್ರತೀತಿ. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು 1842ರಲ್ಲಿ ಪದ್ಯಕಥೆಯಾಗಿ ಪ್ರಕಟಿಸಿದನು. ಇಲಿಗಳ ಕಾಟದಿಂದ ಬೇಸತ್ತ ಪಟ್ಟಣಕ್ಕೆ ಕೊಳಲೂದುವವನೊಬ್ಬ ಬಂದು, ಸಾವಿರ ಗಿಲ್ಡರ್ ನಾಣ್ಯಗಳಿಗೆ ಇಲಿಗಳನ್ನು ತೊಲಗಿಸಲು ಒಪ್ಪುತ್ತಾನೆ. ಕೆಲಸವಾದ ಮೇಲೆ ಪುರಾಧ್ಯಕ್ಷನು ಐವತ್ತು ಕೊಡುತ್ತೇನೆನ್ನುತ್ತಾನೆ. ಕೊಳಲಿನವನು ಊರ ಮಕ್ಕಳನ್ನೆಲ್ಲ ತನ್ನ ನಾದದ ಬೆನ್ನಿಗೆ ಕರೆದೊಯ್ಯುತ್ತಾನೆ. ಕುಂಟ ಹುಡುಗನೊಬ್ಬ ಹಿಂದುಳಿಯುತ್ತಾನೆ.

ಕುವೆಂಪು ಅವರು ಇದನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಗಿ ಕನ್ನಡಕ್ಕೆ ತಂದಾಗ ಮಾಡಿದ ಬದಲಾವಣೆಗಳು ನಮ್ಮ ವಿಷಯಕ್ಕೆ ಉತ್ತಮ ಪಾಠ. ದೇಶವನ್ನು ಬದಲಿಸಿದರು: ವೇಸರ್ ಹೋಗಿ ತುಂಗೆ ಬಂದಳು, ಹ್ಯಾಮೆಲಿನ್ ಹೋಗಿ ಬೊಮ್ಮನಹಳ್ಳಿ ಬಂತು. ಪಾತ್ರಗಳನ್ನು ಬದಲಿಸಿದರು: ಪುರಾಧ್ಯಕ್ಷನ ಸ್ಥಾನದಲ್ಲಿ ಊರ ಗೌಡ, ಕೊಳಲಿನವನ ಸ್ಥಾನದಲ್ಲಿ ಕಿಂದರಿ ನುಡಿಸುವ ಜೋಗಿ. ಬದಲಾಗದೆ ಉಳಿದುದು ಸಮಸ್ಯೆ ಮಾತ್ರ. ಈ ಪದ್ಯ ಭಾಷಾಂತರವೆಂದು ಕನ್ನಡದ ಮಗುವಿಗೆ ಅನ್ನಿಸದಿರಲು ಕಾರಣ ದೇಶಕಾಲವೇ.

ಇದರ ಸಮಸ್ಯೆ ಯಾವುದೆಂದು ನಮ್ಮ ಮಕ್ಕಳನ್ನು ಕೇಳಿದೆವು. "ಇಲಿ" ಎಂದು ಒಕ್ಕೊರಲಿನ ಉತ್ತರ ಬಂತು. ಕಬ್ಬಿನ ಗದ್ದೆಗಳ ನಡುವಿನ ಊರಿನಲ್ಲಿ ಇಲಿಯ ಕಾಟವನ್ನು ಯಾರೂ ವಿವರಿಸಬೇಕಾಗಿಲ್ಲ. "ಇಲಿಗಳೆಲ್ಲ ಹೊಳೆಯಲ್ಲಿ ಮುಳುಗಿದ ಮೇಲೆ ಕಥೆ ಏಕೆ ಮುಗಿಯಲಿಲ್ಲ?" ಎಂದು ಮರಳಿ ಕೇಳಿದೆವು. ಸ್ವಲ್ಪ ಹೊತ್ತು ಮೌನ. ಬಳಿಕ ಹಾಳೆ ತಂದಿದ್ದ ಹುಡುಗಿಯೇ ಹೇಳಿದಳು: "ಗೌಡ್ರು ರೊಕ್ಕ ಕೊಡಲಿಲ್ಲಲ್ಲ, ಅದಕ್ಕ." ಮತ್ತೆ ತಾನೇ ಯೋಚಿಸಿ, "ಪುಣ್ಯಕೋಟಿ ಮಾತು ಉಳಿಸಿಕೊಂಡ್ಳು, ಗೌಡ್ರು ಉಳಿಸಿಕೊಳ್ಳಲಿಲ್ಲ" ಎಂದಳು. ಹುಲಿಯ ಕಥೆಯೂ ಇಲಿಯ ಕಥೆಯೂ ಕೊಟ್ಟ ಮಾತಿನ ಕಥೆಗಳೇ ಎಂಬುದನ್ನು ನಾವು ಹೇಳಿಕೊಡುವ ಮೊದಲೇ ಆಕೆ ಕಂಡುಕೊಂಡಿದ್ದಳು. ನೀತಿಯನ್ನು ಮೊದಲೇ ಹೇಳಿಬಿಟ್ಟಿದ್ದರೆ ಈ ಸಂತೋಷ ಆಕೆಗೂ ಇಲ್ಲ, ನಮಗೂ ಇಲ್ಲ.

ಮನೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

1. ಯಾರನ್ನು ತೆಗೆದರೆ ಈ ಕಥೆಯೇ ಇಲ್ಲವಾಗುತ್ತದೆ?
2. ಪ್ರತಿಯೊಬ್ಬರಿಗೂ ಏನು ಬೇಕಾಗಿದೆ?
3. ಕಥೆ ಎಲ್ಲಿ ನಡೆಯುತ್ತದೆ? ಅಂಥ ಜಾಗವನ್ನು ನಮ್ಮ ಊರಿನ ಸುತ್ತ ಎಲ್ಲಿ ನೋಡಿದ್ದೇವೆ?
4. ಸ್ಥಳ ಅಥವಾ ವೇಳೆ ಬೇರೆಯಾಗಿದ್ದರೆ ಇದೇ ತೊಂದರೆ ಬರುತ್ತಿತ್ತೇ?
5. ಮೊದಲು ಕಂಡ ಅಪಾಯ ನೀಗಿದ ಮೇಲೂ ಕಥೆ ಮುಂದುವರಿಯಿತೇ? ಏಕೆ?
6. ಯಾರು, ಯಾವಾಗ, ಏನನ್ನು ಆಯ್ದುಕೊಂಡರು?

ಆರನ್ನೂ ಒಂದೇ ದಿನ ಕೇಳಬಾರದು, ಕಥೆ ಪರೀಕ್ಷೆಯಾಗಿಬಿಡುತ್ತದೆ. ಒಂದು ಕಥೆಗೆ ಎರಡು ಪ್ರಶ್ನೆಗಳು ಸಾಕು. ಉತ್ತರದಲ್ಲಿ ಮರಾಠಿಯೋ ಇಂಗ್ಲಿಷೋ ಬೆರೆತರೆ ನಡುವೆ ತಿದ್ದದೆ, ಮಾತು ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿದರೆ ಮಗು ತಾನಾಗಿ ಹಿಡಿದುಕೊಳ್ಳುತ್ತದೆ.

ಕೊನೆಯ ಮಾತು

ಅಂದಿನ ಸಂಜೆ ಮಕ್ಕಳೆಲ್ಲ ಹೊರಟ ಮೇಲೂ ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದೀಪಾವಳಿಯ ಹೊತ್ತಿಗೆ, ಕಥೆಯನ್ನು ತಾನೇ ಓದಿಕೊಳ್ಳುವಂತೆ ಆಕೆಗೆ ಕನ್ನಡ ಅಕ್ಷರ ಕಲಿಸುವುದಾಗಿ ನಾವು ಹೇಳಿದ್ದೆವು. ಬಳಿಕ ಬ್ಯಾಂಕಿನ ಕೆಲಸ ಹೆಚ್ಚಿತು, ಮಾರ್ಚ್ ತಿಂಗಳ ಲೆಕ್ಕ ಬಂತು, ಮಾತು ಮರೆತುಹೋಯಿತು. ಆಕೆ ಮರೆತಿರಲಿಲ್ಲ. "ಕಾಕಾ, ಹಂಗಾದ್ರ ನೀವ ಗೌಡ್ರು!" ಎಂದು ನಕ್ಕಳು. ಸಾಲ ಪಡೆದವರಿಗೆ ಕಂತಿನ ದಿನವನ್ನು ಇಷ್ಟು ವರ್ಷ ನೆನಪಿಸುತ್ತ ಬಂದ ನಮಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಮಕ್ಕಳು ಕನ್ನಡವನ್ನು ಕೇಳಿ ಬಲ್ಲರು. ಓದಲು ಬಲ್ಲವರು ಕಡಿಮೆ. ಕಥೆ ಹೇಳುವವರು ಮನೆಯಲ್ಲಿ ಇರುವಷ್ಟು ದಿನ ಮಾತ್ರ ಇಂಥವರ ಪಾಲಿಗೆ ಕಥೆ ಇರುತ್ತದೆ. ಹೊರನಾಡ ಕನ್ನಡ ಮನೆಯನ್ನೇ ಒಂದು ಕಥೆಯೆಂದುಕೊಂಡರೆ, ಪಾತ್ರಗಳು ನಾವೇ, ದೇಶಕಾಲ ನಾವು ನೆಲೆಸಿದ ಊರು, ಸಮಸ್ಯೆ ಇದು. ಭೀಮೆ ಇಂದಾಪುರದ ಸೀಮೆಯನ್ನು ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ಕಿಂದರಿಜೋಗಿಯ ತುಂಗೆಯ ನೀರೂ ತುಂಗಭದ್ರೆಯಾಗಿ ಅದೇ ಕೃಷ್ಣೆಯನ್ನು ಸೇರುತ್ತದೆ. ಎರಡೂ ತೀರಗಳ ಕಥೆಗಳು ಈ ಮಕ್ಕಳವೇ.

ಮರುದಿನದಿಂದ ಶಾಖೆಯ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಕ್ಷರಾಭ್ಯಾಸ ಆರಂಭವಾಯಿತು. ಈಗ ಒತ್ತಕ್ಷರಗಳವರೆಗೆ ಬಂದಿದ್ದೇವೆ.