ಮೊಬೈಲ್ ದೂರವಾಣಿಯಲ್ಲಿ ಉಪಗ್ರಹ ಸ್ಥಾನನಿರ್ಣಯ: ನಿಖರತೆ ಹಾಗೂ ವಿದ್ಯುತ್ ಮಿತವ್ಯಯದ ಇತಿಹಾಸ

ಅಮೆರಿಕದ ರಕ್ಷಣಾ ಇಲಾಖೆಯು ಮೊದಲ ನ್ಯಾವ್‌ಸ್ಟಾರ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದು 1978ರಲ್ಲಿ. ಮುಂದೆ ಜಿಪಿಎಸ್ ಎಂದು ಹೆಸರಾದ ಈ ವ್ಯವಸ್ಥೆಯು ಹಡಗು, ವಿಮಾನ ಮತ್ತು ಸೇನಾವಾಹನಗಳನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡಿತು. ಅವುಗಳಿಗೆ ವಿದ್ಯುತ್ತಿನ ಕೊರತೆಯಿರಲಿಲ್ಲ. ತಲೆಯ ಮೇಲೆ ತೆರೆದ ಆಕಾಶವೂ ಇತ್ತು. ಜೇಬಿನಲ್ಲಿ, ಕೈಚೀಲದಲ್ಲಿ, ಕಟ್ಟಡಗಳ ನಡುವೆ ಉಳಿಯುವ ಮೊಬೈಲಿಗೆ ಈ ಎರಡು ಸೌಕರ್ಯಗಳೂ ಇಲ್ಲ. ನಿಖರತೆಯ ಚರಿತ್ರೆಯನ್ನೂ ವಿದ್ಯುತ್ ಮಿತವ್ಯಯದ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಹೇಳುವ ರೂಢಿಯಿದೆ. ಮೊಬೈಲಿನ ಮಟ್ಟಿಗಂತೂ ಅವೆರಡನ್ನು ಬಿಡಿಸಿ ನೋಡುವುದು ಸಾಧ್ಯವಿಲ್ಲ.

ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಹೊರಟ ಸಂಕೇತವು ನೆಲ ಮುಟ್ಟುವ ವೇಳೆಗೆ ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಕ್ಷೀಣಿಸಿರುತ್ತದೆ. ಅದು ರೇಡಿಯೋ ಗದ್ದಲದಲ್ಲಿ ಹೂತುಹೋಗಿರುತ್ತದೆ. ಪ್ರತಿ ಉಪಗ್ರಹಕ್ಕೂ 1,023 ತುಣುಕುಗಳ ಒಂದು ಸಂಕೇತಮಾಲೆಯಿದ್ದು, ಅದು ಮಿಲಿಸೆಕೆಂಡಿಗೊಮ್ಮೆ ಪುನರಾವರ್ತನೆಯಾಗುತ್ತದೆ. ಗ್ರಾಹಕ ಯಂತ್ರವು ಈ ಮಾಲೆಯನ್ನು ಎಲ್ಲ ಸಂಭಾವ್ಯ ವಿಳಂಬಗಳಲ್ಲಿಯೂ, ಉಪಗ್ರಹದ ಚಲನೆಯಿಂದಾಗುವ ಆವರ್ತನ ವ್ಯತ್ಯಾಸಗಳಲ್ಲಿಯೂ ತಾಳೆ ಹಾಕಿ ನೋಡಬೇಕು. ಸಂಕೇತ ದೊರೆತ ಮೇಲೂ ಕೆಲಸ ಮುಗಿಯುವುದಿಲ್ಲ. ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್‌ಗಳ ವೇಗದಲ್ಲಿ ಸಾರುತ್ತದೆ. ಆ ಸಂದೇಶ 30 ಸೆಕೆಂಡುಗಳಿಗೊಮ್ಮೆ ಮರಳಿ ಬರುತ್ತದೆ. ಮರದ ನೆರಳಿನಲ್ಲಿ ಅದರ ಒಂದು ಅಂಶ ತಪ್ಪಿಹೋದರೆ ಮುಂದಿನ ಆವರ್ತನೆಗೆ ಕಾಯಬೇಕು. ಕಾಯುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ. 1989ರಲ್ಲಿ ಮಾರುಕಟ್ಟೆಗೆ ಬಂದ, ಕೈಯಲ್ಲಿ ಹಿಡಿಯಬಹುದಾದ ಮೆಗೆಲ್ಲನ್ ನ್ಯಾವ್ 1000 ಯಂತ್ರವು ಕೆಲವೇ ಗಂಟೆಗಳಲ್ಲಿ ತನ್ನ ಬ್ಯಾಟರಿಗಳನ್ನು ಬರಿದುಮಾಡುತ್ತಿತ್ತು.

ಈ ಯಂತ್ರವನ್ನು ದೂರವಾಣಿಯೊಳಗೆ ಅಡಕಗೊಳಿಸುವ ಒತ್ತಡ ಬಂದದ್ದು ಮುಖ್ಯವಾಗಿ ಕಾನೂನಿನಿಂದ. ಮನೆಯ ದೂರವಾಣಿಯಿಂದ 911ಕ್ಕೆ ಕರೆಮಾಡಿದರೆ ವಿಳಾಸ ತಾನಾಗಿ ತಿಳಿಯುತ್ತಿತ್ತು. ಮೊಬೈಲಿನಿಂದ ಬಂದ ಕರೆಯಲ್ಲಿ ಹೆಚ್ಚೆಂದರೆ ಯಾವ ಗೋಪುರದ ವ್ಯಾಪ್ತಿಯೆಂಬುದು ಗೊತ್ತಾಗುತ್ತಿತ್ತು. ಅಪಘಾತಕ್ಕೀಡಾದವನಿಗೆ ತಾನಿರುವ ಸ್ಥಳವನ್ನು ಹೇಳುವ ಶಕ್ತಿಯಿಲ್ಲದಿದ್ದರೆ ಕರೆ ಬಂದೂ ನೆರವು ತಲುಪುವಂತಿರಲಿಲ್ಲ. ಅಮೆರಿಕದ ಸಂಪರ್ಕ ಆಯೋಗವು 1996ರಲ್ಲಿ ಈ ಕುರಿತು ನಿಯಮ ರಚಿಸಿತು. 1999ರ ಪರಿಷ್ಕರಣೆಯಲ್ಲಿ, ಸ್ಥಾನನಿರ್ಣಯವು ದೂರವಾಣಿಯಲ್ಲೇ ನಡೆಯುವ ಪಕ್ಷದಲ್ಲಿ ಶೇಕಡ 67ರಷ್ಟು ಕರೆಗಳು 50 ಮೀಟರ್ ಒಳಗೆ, ಶೇಕಡ 95ರಷ್ಟು ಕರೆಗಳು 150 ಮೀಟರ್ ಒಳಗೆ ಪತ್ತೆಯಾಗಬೇಕೆಂದು ವಿಧಿಸಿತು. ಸೋಜಿಗವೆಂದರೆ ಆಗ ಅದೇ ಸರ್ಕಾರದ ಸೇನೆಯು ನಾಗರಿಕ ಸಂಕೇತದಲ್ಲಿ ಸುಮಾರು 100 ಮೀಟರ್‌ವರೆಗಿನ ದೋಷವನ್ನು ಉದ್ದೇಶಪೂರ್ವಕವಾಗಿ ಬೆರೆಸುತ್ತಿತ್ತು! ಆ ಕಲಬೆರಕೆ ನಿಂತದ್ದು 2000ದ ಮೇ ತಿಂಗಳ ಆರಂಭದಲ್ಲಿ.

ಪರಿಹಾರದ ಬೀಜ ಹಳೆಯದು. ನಾಸಾ ಪರವಾಗಿ ಟೇಲರ್ ಮತ್ತು ಸೆನಟ್ ಎಂಬಿಬ್ಬರು 1981ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಗ್ರಾಹಕ ಯಂತ್ರಕ್ಕೆ ಹೊರಗಿನಿಂದ ನೆರವು ಒದಗಿಸುವ ಆಲೋಚನೆಯಿತ್ತು. 1995ರಲ್ಲಿ ಸ್ಥಾಪನೆಗೊಂಡ ಸ್ನ್ಯಾಪ್‌ಟ್ರ್ಯಾಕ್ ಸಂಸ್ಥೆಯು ಅದನ್ನು ಮೊಬೈಲಿಗೆ ಒಗ್ಗಿಸಿತು. 2000ದಲ್ಲಿ ಕ್ವಾಲ್‌ಕಾಮ್ ಆ ಸಂಸ್ಥೆಯನ್ನು ಕೊಂಡಿತು. ವಿಧಾನ ಸರಳ. ಉಪಗ್ರಹವು ನಿಧಾನವಾಗಿ ಹೇಳುವುದನ್ನು ಮೊಬೈಲ್ ಜಾಲವು ಬೇಗನೆ ಹೇಳಿಬಿಡುತ್ತದೆ. ಉಪಗ್ರಹಗಳ ಕಕ್ಷೆ, ಕಾಲ ಮತ್ತು ಸ್ಥಳದ ಅಂದಾಜು ಮೊದಲೇ ತಿಳಿದರೆ ಹುಡುಕಾಟದ ಕ್ಷೇತ್ರ ಕಿರಿದಾಗುತ್ತದೆ, ಗ್ರಾಹಕವು ಎಚ್ಚರವಿರಬೇಕಾದ ಅವಧಿ ಕೆಲವು ಸೆಕೆಂಡುಗಳಿಗೆ ಇಳಿಯುತ್ತದೆ. ಇದಕ್ಕಿಂತ ಮಹತ್ವದ್ದು ಇನ್ನೊಂದಿದೆ. ಸಂದೇಶವನ್ನು ಓದುವ ಹೊಣೆ ತಪ್ಪಿದ್ದರಿಂದ ಸಂಕೇತದ ಇರವನ್ನು ಗುರುತಿಸಿದರೆ ಸಾಕಾಯಿತು. ಓದಲಾಗದಷ್ಟು ದುರ್ಬಲವಾದ ಸಂಕೇತವನ್ನೂ ಕೂಡಿಸಿ ಕೂಡಿಸಿ ಗುರುತಿಸಬಹುದು. ಹೀಗೆ ಮಾಡಿನ ಕೆಳಗೂ ಸ್ಥಾನ ತಿಳಿಯುವಂತಾಯಿತು. ಒಂದೇ ಉಪಾಯದಿಂದ ಉಳಿತಾಯವೂ ಸಾಮರ್ಥ್ಯವೂ ಒಟ್ಟಿಗೆ ಸಿದ್ಧಿಸಿದ ಉದಾಹರಣೆ ಈ ಚರಿತ್ರೆಯಲ್ಲಿ ಮತ್ತೆ ಅಷ್ಟು ಸ್ಪಷ್ಟವಾಗಿ ಕಾಣದು. ಅದಕ್ಕೆ ತೆತ್ತ ಬೆಲೆಯೂ ಇದೆ: ಲೆಕ್ಕಾಚಾರವು ಜಾಲದ ಕಡೆಯಲ್ಲಿ ನಡೆಯುವ ಪದ್ಧತಿಯಲ್ಲಿ ವ್ಯಕ್ತಿ ಎಲ್ಲಿದ್ದಾನೆಂಬುದು ಅವನಿಗಿಂತ ಮೊದಲು ಜಾಲಕ್ಕೆ ತಿಳಿಯುತ್ತದೆ.

ಉಳಿದ ದೋಷಗಳಲ್ಲಿ ಅಯಾನುಗೋಳದ್ದು ದೊಡ್ಡದು. ಸಮಭಾಜಕಕ್ಕೆ ಸಮೀಪದ ಭಾರತದಲ್ಲಿ ಅದರ ಚಾಂಚಲ್ಯ ಹೆಚ್ಚು. ವಿಮಾನಯಾನಕ್ಕಾಗಿ ಗಗನ್ ವ್ಯವಸ್ಥೆಯನ್ನು ಕಟ್ಟಿದವರಿಗೂ ಇದೇ ಕಠಿಣ ಸವಾಲಾಗಿತ್ತು. ವಿಳಂಬವು ಆವರ್ತನದ ವರ್ಗಕ್ಕೆ ವಿಲೋಮವಾಗಿರುವುದರಿಂದ ಎರಡು ಆವರ್ತನಗಳನ್ನು ಆಲಿಸಿದರೆ ಅದನ್ನು ಬಹುಪಾಲು ಕಳೆಯಬಹುದು. ಇಸ್ರೋ 2013ರಿಂದ 2016ರವರೆಗೆ ಹಾರಿಸಿದ ಏಳು ಐಆರ್‌ಎನ್‌ಎಸ್‌ಎಸ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಎರಡು ಪಟ್ಟಿಗಳಲ್ಲಿ ಸಂಕೇತ ನೀಡುವಂತೆ ರಚಿತವಾದವು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ 2013ರ ಮೇ ತಿಂಗಳಲ್ಲಿ ಇದರ ಸಂಚರಣ ಕೇಂದ್ರ ಆರಂಭವಾಯಿತು. 2016ರಲ್ಲಿ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು. ಆದರೆ ಅಂದಿನ ಮೊಬೈಲುಗಳು ಕೇಳುತ್ತಿದ್ದುದು 1575.42 ಮೆಗಾಹರ್ಟ್ಸ್‌ನ ಎಲ್1 ಪಟ್ಟಿಯನ್ನು. ಮತ್ತೊಂದು ಪಟ್ಟಿಗೆ ಬೇರೆ ಆಂಟೆನಾ, ಬೇರೆ ಮಂಡಲ, ಹೆಚ್ಚಿನ ವಿದ್ಯುತ್ತು ಬೇಕು. ತಾಂತ್ರಿಕವಾಗಿ ಸಮರ್ಥನೀಯವಾಗಿದ್ದ ಆಯ್ಕೆಯು ಜನಸಾಮಾನ್ಯರ ಕೈಸೇರುವ ದಾರಿಯಲ್ಲಿ ತೊಡಕಾಯಿತೆಂದೇ ಹೇಳಬೇಕು.

ಆ ತೊಡಕು ಸಡಿಲಗೊಂಡದ್ದು ಎಲ್5 ಪಟ್ಟಿಯು ಮೊಬೈಲನ್ನು ಪ್ರವೇಶಿಸಿದ ಮೇಲೆ. ಬ್ರಾಡ್‌ಕಾಮ್ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಎರಡು ಆವರ್ತನಗಳ ಚಿಪ್ಪು 2018ರ ಶವೋಮಿ ಮಿ 8 ಮೊಬೈಲಿನಲ್ಲಿ ಬಳಕೆಗೆ ಬಂದಿತು. ಜಿಪಿಎಸ್‌ನ ಎಲ್5 ಸಂಕೇತಮಾಲೆ ಹಳೆಯದಕ್ಕಿಂತ ಹತ್ತು ಪಟ್ಟು ವೇಗದ್ದು. ಅದರ ಒಂದು ತುಣುಕಿನ ಉದ್ದ ಸುಮಾರು 300 ಮೀಟರಿನ ಬದಲು 30 ಮೀಟರ್. ಹೀಗಾಗಿ ಕಟ್ಟಡಗಳಿಂದ ಪ್ರತಿಫಲಿಸಿ ತಡವಾಗಿ ಬಂದ ಸಂಕೇತವನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಸುಲಭ. ಕ್ವಾಲ್‌ಕಾಮ್ 2020ರಲ್ಲಿ ನಾವಿಕ್ ಗ್ರಹಿಸುವ ಮೊಬೈಲ್ ಚಿಪ್ಪುಗಳನ್ನು ಪ್ರಕಟಿಸಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಇಸ್ರೋ ಎಲ್1 ಪಟ್ಟಿಯನ್ನೂ ಸೇರಿಸಿತು. ಅದರ ಉತ್ತರಾಧಿಕಾರಿ ಎನ್‌ವಿಎಸ್-02, 2025ರ ಜನವರಿಯಲ್ಲಿ ಉಡಾವಣೆಗೊಂಡರೂ ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ.

ಮಿತವ್ಯಯವು ನಿಖರತೆಗೆ ಎದುರಾದ ಪ್ರಸಂಗವೂ ಉಂಟು. ಮೊಬೈಲುಗಳು ಗ್ರಾಹಕವನ್ನು ಪ್ರತಿ ಸೆಕೆಂಡಿನ ಒಂದು ಭಾಗದಲ್ಲಿ ಮಾತ್ರ ಎಚ್ಚರವಿಟ್ಟು ಉಳಿದ ಭಾಗ ಮಲಗಿಸುತ್ತವೆ. ದಾರಿ ತೋರಿಸಲು ಅಷ್ಟು ಸಾಕು. ಆದರೆ ವಾಹಕ ತರಂಗದ ಪ್ರಾವಸ್ಥೆಯನ್ನು ಎಡೆಬಿಡದೆ ಎಣಿಸಿ ಸೆಂಟಿಮೀಟರುಗಳ ಮಟ್ಟಕ್ಕೆ ಇಳಿಯಬೇಕೆನ್ನುವವರಿಗೆ ಪ್ರತಿ ನಿದ್ರೆಯೂ ಎಣಿಕೆ ತಪ್ಪಿಸುತ್ತದೆ. ಆಂಡ್ರಾಯ್ಡ್ 2016ರಲ್ಲಿ ಕಚ್ಚಾ ಅಳತೆಗಳನ್ನು ಸಂಶೋಧಕರಿಗೆ ತೆರೆದಿಟ್ಟಾಗ ಈ ಅಡಚಣೆ ಎದ್ದುಕಂಡಿತು. 2018ರ ಆವೃತ್ತಿಯಲ್ಲಿ ಆ ನಿದ್ರೆಯನ್ನು ನಿಲ್ಲಿಸುವ ಆಯ್ಕೆಯನ್ನು ತಂತ್ರಾಂಶ ರಚನೆಕಾರರಿಗೆ ಒದಗಿಸಲಾಯಿತು.

ಭಾರತ ಸರ್ಕಾರವು 2016ರ ನಿಯಮಗಳ ಮೂಲಕ ಮೊಬೈಲುಗಳಲ್ಲಿ 2017ರ ಜನವರಿ 1ರಿಂದ ಆಪತ್ತಿನ ಗುಂಡಿಯನ್ನೂ, 2018ರ ಜನವರಿ 1ರಿಂದ ಉಪಗ್ರಹ ಸ್ಥಾನನಿರ್ಣಯವನ್ನೂ ಕಡ್ಡಾಯಗೊಳಿಸಿತು. ಮಹಿಳೆಯರ ಸುರಕ್ಷತೆ ಇದರ ಉದ್ದೇಶವಾಗಿತ್ತು. ಆ ಗುಂಡಿಯನ್ನು ಒತ್ತುವ ಗಳಿಗೆಯಲ್ಲಿ ಮೊಬೈಲು ಬಹುಶಃ ಕೈಚೀಲದೊಳಗೆ, ತಗಡಿನ ಮಾಡಿನ ವಾಹನದಲ್ಲಿ, ದಿನವಿಡೀ ದುಡಿದು ಬರಿದಾದ ಬ್ಯಾಟರಿಯೊಡನೆ ಇರುತ್ತದೆ.